ಸಾಲ ಬಾಕಿಯಾದರೆ ಬ್ಯಾಂಕು ಹೊಲವನ್ನೇ ಹರಾಜು ಹಾಕಬಹುದೇ?

ಪ್ರಶ್ನೆ: ನಾಲ್ಕು ಎಕರೆ ಹೊಲ ಅಡವಿಟ್ಟು ಬ್ಯಾಂಕಿನಲ್ಲಿ ಸಾಲ ಮಾಡಿದ್ದೇವೆ. ಮಳೆ ಕೈಕೊಟ್ಟು ಕಂತು ಬಾಕಿ ಉಳಿದಿದೆ. ಈಗ ಸರ್ಫೇಸಿ ಕಾಯ್ದೆಯ ನೋಟಿಸು ಬಂದಿದೆ. ಕೃಷಿ ಜಮೀನಿಗೆ ಆ ಕಾಯ್ದೆ ತಾಗುವುದಿಲ್ಲ, ಸುಮ್ಮನಿರಿ ಎನ್ನುತ್ತಾರೆ. ನಿಜವೇ?

ಉತ್ತರ: ಕಾಯ್ದೆ ತಾಗುವುದಿಲ್ಲ ಎನ್ನುವುದು ಬಹುಮಟ್ಟಿಗೆ ನಿಜ. ಸುಮ್ಮನಿರಿ ಎನ್ನುವುದು ಮಾತ್ರ ಜಮೀನು ಕಳೆಯುವ ಸಲಹೆ.

2002ರ ಸರ್ಫೇಸಿ ಕಾಯ್ದೆ ಬ್ಯಾಂಕಿಗೆ ಕೋರ್ಟಿನ ಮೆಟ್ಟಿಲು ಹತ್ತದೆಯೇ ಅಡವಿನ ಆಸ್ತಿಯನ್ನು ವಶಕ್ಕೆ ಪಡೆದು ಮಾರುವ ಅಧಿಕಾರ ಕೊಡುತ್ತದೆ. ಅದೇ ಕಾಯ್ದೆಯ 31ನೇ ಕಲಂ ಕೃಷಿ ಜಮೀನಿನ ಮೇಲಿನ ಅಡಮಾನವನ್ನು ಈ ಅಧಿಕಾರದಿಂದ ಹೊರಗಿಟ್ಟಿದೆ. ತೊಡಕಿರುವುದು ‘ಕೃಷಿ ಜಮೀನು’ ಎಂದರೆ ಯಾವುದು ಎಂಬಲ್ಲಿ. ಪಹಣಿಯಲ್ಲಿ ಹಾಗೆ ಬರೆದಿದ್ದರೆ ಸಾಕೆಂದು ಹಲವರು ನಂಬಿದ್ದಾರೆ, ಸಾಲದು. ಅಡವಿಟ್ಟಾಗ ಜಮೀನು ಯಾವ ಬಳಕೆಯಲ್ಲಿತ್ತು, ಯಾವ ಉದ್ದೇಶಕ್ಕೆ ಮೀಸಲಾಗಿತ್ತು ಎಂಬುದೆಲ್ಲ ಸೇರಿಸಿ ನೋಡಬೇಕೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. ನಿಜವಾಗಿ ಉಳುಮೆಯಾಗುತ್ತಿದೆ ಎಂದು ಸಾಬೀತು ಮಾಡುವ ಹೊಣೆ ಸಾಲಗಾರನದೇ ಎಂದು 2023ರಲ್ಲಿ ಮತ್ತೊಂದು ತೀರ್ಪು ಬಂತು. ಅಂದರೆ ವಿನಾಯಿತಿ ತಾನಾಗಿ ಸಿಗುವುದಿಲ್ಲ. ದಾಖಲೆ ಮುಂದಿಟ್ಟು ಕೇಳಬೇಕು, ಅದೂ ಗಡುವಿನೊಳಗೆ.

ಕಾಫಿ ಸೀಮೆಯಲ್ಲಿ ಈ ಪ್ರಶ್ನೆ ಇನ್ನೂ ಗೋಜಲು. ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರಿಗೆ ಬ್ಯಾಂಕುಗಳು ಸರ್ಫೇಸಿ ನೋಟಿಸು ಕೊಟ್ಟಿವೆ. ತೋಟ ಬೇರೆ, ಕೃಷಿ ಜಮೀನು ಬೇರೆ ಎಂಬುದು ಬ್ಯಾಂಕುಗಳ ವಾದ. ಬೆಳೆಗಾರರ ಸಂಘಗಳು ಅದನ್ನು ಒಪ್ಪಿಲ್ಲ. ತೋಟದೊಳಗೆ ಹೋಂಸ್ಟೇ, ರೆಸಾರ್ಟ್ ಕಟ್ಟಿದ್ದರೆ, ಒಂದು ಭಾಗ ಭೂಪರಿವರ್ತನೆಯಾಗಿದ್ದರೆ ಸಾಲಗಾರನ ವಾದ ಇನ್ನಷ್ಟು ಸೊರಗುತ್ತದೆ. ಹೊಲದ ಜೊತೆಗೆ ಪೇಟೆಯ ಮನೆಯನ್ನೋ ಸೈಟನ್ನೋ ಅಡವಿಟ್ಟಿದ್ದರೆ ಅದಕ್ಕೆ 31ನೇ ಕಲಮಿನ ರಕ್ಷಣೆಯಿಲ್ಲ. ಹೊಲ ಉಳಿದು ಮನೆ ಹೋಗಬಹುದು.

ಈಗ ನಿಮ್ಮ ಕೈಯಲ್ಲಿರುವುದು ಕಾಯ್ದೆಯ 13(2)ರ ನೋಟಿಸು, ಅಂದರೆ ಬಾಕಿ ಕಟ್ಟಿ ಎಂದು ಕೇಳುವ ಮೊದಲ ನೋಟಿಸು ಆಗಿದ್ದರೆ 60 ದಿನ ಇದೆ. ಲಕೋಟೆ ಬಂದ ದಿನಾಂಕ ಬರೆದಿಡಿ, ಲಕೋಟೆಯನ್ನೂ ಎಸೆಯಬೇಡಿ. ಆ ಅವಧಿಯಲ್ಲೇ ಲಿಖಿತ ಆಕ್ಷೇಪಣೆಯನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ. ಬ್ಯಾಂಕು ಒಪ್ಪದಿದ್ದರೆ ಕೈಸೇರಿದ 15 ದಿನದಲ್ಲಿ ಕಾರಣ ಕೊಟ್ಟು ಉತ್ತರಿಸಲೇಬೇಕು. ಆಕ್ಷೇಪಣೆಗೆ ಸರ್ವೆ ನಂಬರುವಾರು ಪಹಣಿ, ಬೆಳೆ ಸಮೀಕ್ಷೆಯ ವಿವರ, ಬೆಳೆ ವಿಮೆಯ ರಸೀದಿ, ಗೊಬ್ಬರ-ಬೀಜದ ಬಿಲ್ಲು, ಮಂಡಿಯ ಪಟ್ಟಿ ಲಗತ್ತಿಸಿ. ಸಾಲ ತೆಗೆದ ವರ್ಷದ ಪಹಣಿ ಎಲ್ಲಕ್ಕಿಂತ ಮುಖ್ಯ. ಅನೇಕರು ಈ ವರ್ಷದ್ದನ್ನು ಮಾತ್ರ ಕೊಟ್ಟು ಅಲ್ಲೇ ಸೋಲುತ್ತಾರೆ. ನೋಟಿಸು ಬಂದ ಮೇಲೆ ಬ್ಯಾಂಕಿನ ಒಪ್ಪಿಗೆಯಿಲ್ಲದೆ ಆ ಜಮೀನು ಮಾರುವಂತಿಲ್ಲ, ಗುತ್ತಿಗೆಗೆ ಕೊಡುವಂತಿಲ್ಲ.

ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲವೆಂದು ಬ್ಯಾಂಕು ಗುರುತಿಸಿದ ಖಾತೆ, ಆದ ದಿನಾಂಕವನ್ನೂ ತಾಳೆ ನೋಡಿ. ಸಾಮಾನ್ಯ ಸಾಲಕ್ಕೆ 90 ದಿನದ ಬಾಕಿ ಅಳತೆ. ಬೆಳೆ ಸಾಲಕ್ಕೆ ಹಾಗಲ್ಲ: ಅಲ್ಪಾವಧಿ ಬೆಳೆಗೆ ಎರಡು ಹಂಗಾಮು, ದೀರ್ಘಾವಧಿ ಬೆಳೆಗೆ ಒಂದು ಹಂಗಾಮು ಬಾಕಿ ದಾಟಬೇಕು. ಬೆಳೆ ಸಾಲವನ್ನು 90 ದಿನದ ಲೆಕ್ಕದಲ್ಲಿ ಎನ್‌ಪಿಎ ಮಾಡಿದ್ದರೆ ಅದನ್ನೂ ಆಕ್ಷೇಪಣೆಯಲ್ಲಿ ಬರೆಯಿರಿ.

ಬ್ಯಾಂಕು ಮುಂದುವರಿದು 13(4)ರಡಿ ಸ್ವಾಧೀನ ನೋಟಿಸು ಅಂಟಿಸಿದರೆ ಅಲ್ಲಿಂದ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಡಿಆರ್‌ಟಿಗೆ, 17ನೇ ಕಲಮಿನಡಿ ಅರ್ಜಿ ಹಾಕಬೇಕು. ಅರ್ಜಿ ಹಾಕಲು ಸಾಲದ ಮೊತ್ತ ಠೇವಣಿ ಇಡಬೇಕಿಲ್ಲ, ಶುಲ್ಕ ಕಟ್ಟಿದರಾಯಿತು. ಅಲ್ಲಿ ಸೋತು ಮೇಲ್ಮನವಿಗೆ ಹೋದರೆ ಮಾತ್ರ ಬಾಕಿಯ ಅರ್ಧ ಠೇವಣಿ ಇಡಬೇಕು. ಮೇಲ್ಮನವಿ ಮಂಡಳಿ ಅದನ್ನು ಕಾಲು ಭಾಗಕ್ಕೆ ಇಳಿಸಬಹುದು. ಊರಿನ ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ ತರೋಣ ಎಂದು ಹೊರಡುವವರು ಬಹಳ. 34ನೇ ಕಲಂ ಅದಕ್ಕೆ ಅಡ್ಡ ನಿಂತಿದೆ, ಅಷ್ಟರಲ್ಲಿ 45 ದಿನ ಜಾರಿಹೋಗುತ್ತದೆ. ಬಾಕಿ ಪೂರ್ತಿ ಕಟ್ಟಿ ಆಸ್ತಿ ಬಿಡಿಸಿಕೊಳ್ಳುವ ಹಕ್ಕೂ ಹರಾಜಿನ ನೋಟಿಸು ಪ್ರಕಟವಾಗುವವರೆಗೆ ಮಾತ್ರ. ಹರಾಜಿನ ದಿನ ಹಣ ಹಿಡಿದು ಹೋದರೆ ತಡವಾಗಿರುತ್ತದೆ.

ಸರ್ಫೇಸಿ ತಪ್ಪಿದರೆ ಸಾಲ ತಪ್ಪಿತೆಂದಲ್ಲ. ಬ್ಯಾಂಕು ಸಿವಿಲ್ ಕೋರ್ಟಿಗೆ ಹೋಗಬಹುದು, 20 ಲಕ್ಷ ಮತ್ತು ಮೇಲಿನ ಬಾಕಿಯಾದರೆ ಡಿಆರ್‌ಟಿಗೆ. ಕರ್ನಾಟಕದ 1974ರ ಕೃಷಿ ಸಾಲ ಕಾಯ್ದೆಯಡಿ ಉಪವಿಭಾಗಾಧಿಕಾರಿ ಮುಂದೆ ವಸೂಲಿ ಅರ್ಜಿ ಹಾಕಲೂಬಹುದು. ಸಹಕಾರಿ ಬ್ಯಾಂಕುಗಳಿಗೆ 1959ರ ಸಹಕಾರ ಸಂಘಗಳ ಕಾಯ್ದೆಯ ದಾರಿಯಿದೆ. ಈ ಯಾವುದರಲ್ಲೂ ನಿಮ್ಮ ಮಾತು ಕೇಳಿಯೇ ಆದೇಶವಾಗಬೇಕು, ಹಾಗಾಗಿ ಸಮನ್ಸ್ ಬಂದರೆ ಹಾಜರಾಗಿ. ಕೋರ್ಟಿನ ಡಿಕ್ರಿ ಜಾರಿಯಲ್ಲಿ ರೈತನ ನೇಗಿಲು-ನೊಗ, ಉಳುವ ಎತ್ತು, ಬಿತ್ತನೆ ಬೀಜ, ವಾಸದ ಮನೆಯನ್ನು ಜಪ್ತಿ ಮಾಡುವಂತಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ತಡೆಯುತ್ತದೆ. ಆ ಮನೆಯನ್ನೇ ಅಡವಿಟ್ಟಿದ್ದರೆ ಈ ರಕ್ಷಣೆ ನಿಮಗೆ ಒದಗುವುದಿಲ್ಲ.

ವಕೀಲರ ಖರ್ಚು ಭಾರವಾದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವಿದೆ.

ಒಂದೇ ಕಂತಿನ ತೀರುವಳಿಗೆ, ಅಂದರೆ ಓಟಿಎಸ್‌ಗೆ, ಬ್ಯಾಂಕು ಒಪ್ಪಲೇಬೇಕೆಂಬ ಹಕ್ಕು ಸಾಲಗಾರನಿಗಿಲ್ಲ. ಒಪ್ಪಿದರೆ ಮೊತ್ತ, ಗಡುವು, ಕೈಬಿಡುವ ಕೇಸುಗಳು ಇವೆಲ್ಲ ಬರಹದಲ್ಲಿರಲಿ. ಮ್ಯಾನೇಜರರ ಬಾಯಿಮಾತಿನ ಮೇಲೆ ಹಣ ಕಟ್ಟಿದರೆ ಅದು ಬಡ್ಡಿಗೆ ಜಮೆಯಾಗಿ ಅಸಲು ಹಾಗೆಯೇ ಉಳಿಯಬಹುದು. ತೀರಿದ ಮೇಲೆ ಬೇಬಾಕಿ ಪತ್ರ ಪಡೆದು, ಪಹಣಿಯ 11ನೇ ಕಾಲಮಿನಲ್ಲಿರುವ ಋಣದ ನಮೂದು ಅಳಿಯಿತೇ ಎಂದು ಹೊಸ ಪಹಣಿ ತೆಗೆದು ನೋಡಿ.