ಹತ್ತು ಎಲೆ, ಮೂರು ಸುತ್ತು

ಪಾಂಡವಪುರದ ಬಳಿಯ ನಮ್ಮ ಊರಿನಲ್ಲಿ ಅಪ್ಪ ಅರಳಿಕಟ್ಟೆಯ ಮೇಲೆ ಕುಳಿತು ಇಪ್ಪತ್ತೆಂಟು ಆಡುತ್ತಿದ್ದ ಕಾಲದಲ್ಲಿ, ಇಸ್ಪೀಟು ಎಲೆ ಮನೆಯ ಹೊಸಿಲು ದಾಟಬಾರದೆಂಬುದು ಅವ್ವನ ಕಟ್ಟಪ್ಪಣೆಯಾಗಿದ್ದುದರಿಂದ, ನಾನು ಎಕ್ಕ, ರಾಜ, ರಾಣಿ, ಗುಲಾಮರನ್ನು ಗುರುತಿಸುವುದರ ಆಚೆಗೆ ಏನನ್ನೂ ಕಲಿಯಲಿಲ್ಲ. ಐವತ್ತರ ಅಂಚಿಗೆ ಬಂದ ಮೇಲೆ, ಮೈಸೂರಿನ ಕುವೆಂಪುನಗರದ ಮನೆಯಲ್ಲಿ, ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗನ ಲ್ಯಾಪ್‌ಟಾಪ್ ಮುಂದೆ ಕುಳಿತು ಮೊದಲ ಬಾರಿಗೆ ಒಂದು ಎಲೆಯಾಟವನ್ನು ನಿಷ್ಠೆಯಿಂದ ಕಲಿತೆ. ಅದು ವಿಡಿಯೊ ಗೇಮ್ ಒಂದರ ಹೊಟ್ಟೆಯೊಳಗಿರುವ ಇನ್ನೊಂದು ಆಟ. ಪೋಲೆಂಡಿನ ಸಿ.ಡಿ. ಪ್ರಾಜೆಕ್ಟ್ ರೆಡ್ ಸಂಸ್ಥೆ 2015ರ ಮೇ ತಿಂಗಳಿನಲ್ಲಿ ಹೊರತಂದ ‘ದಿ ವಿಚರ್ 3’ರಲ್ಲಿ ಗೆರಾಲ್ಟ್ ಎಂಬ ರಾಕ್ಷಸಬೇಟೆಗಾರ ಕಾಣೆಯಾದ ಸಾಕುಮಗಳನ್ನು ಹುಡುಕುತ್ತ ದೇಶ ಸುತ್ತುತ್ತಾನೆ. ದಾರಿಯಲ್ಲಿ ಪಡಖಾನೆಯವರು, ವ್ಯಾಪಾರಿಗಳು, ಸೇನಾಧಿಕಾರಿಗಳು ಸಿಕ್ಕಲ್ಲೆಲ್ಲ ಅವರೊಡನೆ ‘ಗ್ವೆಂಟ್’ ಎಂಬ ಎಲೆಯಾಟಕ್ಕೆ ಕೂರಬಹುದು. ಮಗಳನ್ನು ಹುಡುಕುವ ತಂದೆ ಹಳ್ಳಿಹಳ್ಳಿಗೆ ನಿಂತು ಎಲೆ ಕಲಸುವುದು ಕಥೆಯ ದೃಷ್ಟಿಯಿಂದ ಅಸಂಗತವೇ ಸರಿ. ಆದರೆ ಕಲಿಕೆ ಹೇಗೆ ನಡೆಯುತ್ತದೆಂಬುದನ್ನು ಹತ್ತಿರದಿಂದ ಗಮನಿಸಲು ಇದಕ್ಕಿಂತ ಅನುಕೂಲವಾದ ಜಾಗ ನನಗೆ ಸಿಕ್ಕಿಲ್ಲ.

ಗ್ವೆಂಟ್‌ನ ನಿಯಮಗಳನ್ನು ಬರೆದರೆ ಒಂದು ಪುಟಕ್ಕೆ ಮುಗಿಯುತ್ತವೆ. ಕನಿಷ್ಠ 22 ಸೈನಿಕರ ಎಲೆಗಳಿರುವ ಕಟ್ಟನ್ನು ಆಟಗಾರ ತಾನೇ ಜೋಡಿಸಿಕೊಳ್ಳಬೇಕು. ಅದರಿಂದ 10 ಎಲೆಗಳು ಕೈಗೆ ಬರುತ್ತವೆ, ಬೇಡವೆನಿಸಿದ ಎರಡನ್ನು ಆರಂಭದಲ್ಲಿ ಬದಲಿಸಿಕೊಳ್ಳಬಹುದು. ಎದುರುಬದುರು ಹೋರಾಡುವವರು, ದೂರದಿಂದ ಹೊಡೆಯುವವರು, ಕೋಟೆ ಮುತ್ತುವ ಯಂತ್ರಗಳು ಎಂದು ಪ್ರತಿಯೊಬ್ಬರಿಗೂ ಮೂರು ಸಾಲುಗಳಿದ್ದು, ಇಬ್ಬರೂ ಸರದಿಯಂತೆ ಒಂದೊಂದು ಎಲೆ ಇಡುತ್ತಾರೆ. ಸುತ್ತಿನ ಕೊನೆಯಲ್ಲಿ ಯಾರ ಮೊತ್ತ ಹೆಚ್ಚೋ ಸುತ್ತು ಅವರದು, ಮೂರರಲ್ಲಿ ಎರಡು ಗೆದ್ದವರಿಗೆ ಆಟ. ಹಿಮ ಸುರಿಯುವ ಎಲೆಯೊಂದು ಬಿದ್ದರೆ ಮೊದಲ ಸಾಲಿನ ಎಲ್ಲರ ಬಲ 1ಕ್ಕೆ ಇಳಿಯುತ್ತದೆ. ವೀರರೆಂದು ಗುರುತಿಸಿದ ಎಲೆಗಳಿಗೆ ಮಾತ್ರ ಅದು ತಟ್ಟುವುದಿಲ್ಲ. ಗೂಢಚಾರನ ಎಲೆಯನ್ನು ಎದುರಾಳಿಯ ಕಡೆಗೆ ಇಡಬೇಕು. ಅವನ ಮೊತ್ತ ಏರುತ್ತದೆ, ಬದಲಿಗೆ ನಮಗೆ ಕಟ್ಟಿನಿಂದ ಎರಡು ಎಲೆ ಸಿಗುತ್ತವೆ. ಎಲ್ಲಕ್ಕಿಂತ ಮುಖ್ಯವಾದ ನಿಯಮ ನನ್ನ ಕಣ್ಣಿಗೆ ಬಿದ್ದದ್ದು ಬಹಳ ತಡವಾಗಿ: ಕೈಗೆ ಬಂದ ಆ ಹತ್ತು ಎಲೆ ಮೂರೂ ಸುತ್ತುಗಳಿಗೆ. ಕೆಲವು ವಿಶೇಷ ಎಲೆಗಳ ಮತ್ತು ಕಟ್ಟು ಸೇರಿರುವ ಸೈನ್ಯಪಕ್ಷದ ಸವಲತ್ತನ್ನು ಬಿಟ್ಟರೆ, ಸುತ್ತು ಮುಗಿಯಿತೆಂದು ಹೊಸ ಎಲೆ ಯಾರೂ ಹಂಚುವುದಿಲ್ಲ.

ಇಷ್ಟನ್ನೂ ಓದಿಕೊಂಡು, ಅರ್ಥವಾಯಿತೆಂದು ತಲೆಯಾಡಿಸಿ, ಕಥೆಯ ಮೊದಲ ಹಳ್ಳಿಯ ಪಡಖಾನೆಯಲ್ಲಿ ಕುಳಿತಿರುವ ಪಂಡಿತನಿಗೆ ನಾನು ಸತತವಾಗಿ ಸೋತೆ. ಆಟ ಕಲಿಸುವುದಕ್ಕೆಂದೇ ಇಟ್ಟಿರುವ ಎದುರಾಳಿ ಅವನು. ಅಳಿಯ ಸಂಕೋಚದಿಂದ, “ಮಾವ, ಇವನ ಹತ್ತಿರ ಯಾರೂ ಇಷ್ಟು ಸಲ ಸೋಲುವುದಿಲ್ಲ” ಎಂದ.

ನಿಯಮ ಗೊತ್ತಿದ್ದೂ ಸೋಲುವುದಕ್ಕೆ ಕಾರಣ ದಡ್ಡತನವೊಂದೇ ಅಲ್ಲವೆಂಬ ಸಮಾಧಾನವನ್ನು ಮನಶ್ಶಾಸ್ತ್ರ ನೀಡುತ್ತದೆ. ಒಂದು ಕ್ಷಣದಲ್ಲಿ ಮನಸ್ಸು ಎತ್ತಿ ಹಿಡಿದುಕೊಂಡು ಕೆಲಸ ಮಾಡಬಲ್ಲ ಸಂಗತಿಗಳ ಸಂಖ್ಯೆ ಬಹಳ ಸಣ್ಣದು. ಅಮೆರಿಕದ ಜಾರ್ಜ್ ಮಿಲ್ಲರ್ 1956ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಅದನ್ನು ಏಳರ ಆಸುಪಾಸು ಎಂದರು. ನೆಲ್ಸನ್ ಕೋವನ್ 2001ರಲ್ಲಿ ಪ್ರಯೋಗಗಳನ್ನೆಲ್ಲ ಮತ್ತೆ ಜಾಲಾಡಿ, ಮನಸ್ಸಿನಲ್ಲೇ ಉರುಹೊಡೆಯುವ ಅವಕಾಶವನ್ನು ತೆಗೆದುಹಾಕಿದರೆ ಉಳಿಯುವುದು ನಾಲ್ಕರಷ್ಟೇ ಎಂದು ವಾದಿಸಿದರು. ಕಾರ್ಯಸ್ಮೃತಿ ಎಂದು ಕರೆಯುವ ಈ ಪುಟ್ಟ ಮಣೆಯ ಮೇಲೆ ಹತ್ತು ಎಲೆ, ಪ್ರತಿಯೊಂದರ ಬಲ, ಅದರ ಸಾಲು, ಅದರ ವಿಶೇಷ ಗುಣ, ಎದುರಾಳಿಯ ಮೊತ್ತ, ಇವೆಲ್ಲವನ್ನೂ ಒಮ್ಮೆಗೇ ಹರಡಲು ಹೊರಟರೆ ಒಂದನ್ನಿಟ್ಟಾಗ ಇನ್ನೊಂದು ಜಾರುತ್ತದೆ. ಆಸ್ಟ್ರೇಲಿಯದ ಜಾನ್ ಸ್ವೆಲ್ಲರ್ 1980ರ ದಶಕದಲ್ಲಿ ಇದರಿಂದ ಹುಟ್ಟುವ ಒಂದು ತೊಡಕನ್ನು ತೋರಿಸಿದರು. ಹೊಸಬನೊಬ್ಬ ಸಮಸ್ಯೆಯನ್ನು ಬಿಡಿಸಲು ಹೆಣಗುತ್ತಿರುವಾಗ ಆ ಹೆಣಗಾಟಕ್ಕೇ ಮಣೆ ತುಂಬಿಹೋಗಿ, ಕಲಿಯುವುದಕ್ಕೆ ಜಾಗವೇ ಉಳಿಯುವುದಿಲ್ಲ. ಆದ್ದರಿಂದ ಆರಂಭದಲ್ಲಿ ಬಿಡಿಸಿಟ್ಟ ಲೆಕ್ಕಗಳನ್ನು ನೋಡುವುದೇ ಲೇಸು. ಬೀಜಗಣಿತದ ವಿದ್ಯಾರ್ಥಿಗಳ ಬಗ್ಗೆ ಬಂದ ಈ ತೀರ್ಮಾನ ನನಗೂ ಹೊಂದಿತು. ಎರಡು ಸಂಜೆ ಎಲೆ ಮುಟ್ಟದೆ ಅಳಿಯ ಆಡುವುದನ್ನು ಪಕ್ಕದಲ್ಲಿ ಕುಳಿತು ನೋಡಿದ್ದರಿಂದ ಕಲಿತಷ್ಟನ್ನು ಅದರ ಹಿಂದಿನ ವಾರವಿಡೀ ಆಡಿ ಕಲಿತಿರಲಿಲ್ಲ.

ಮೈಸೂರಿನಲ್ಲಿ ಕುಳಿತು ಎಲೆಯಾಟದ ನಿಯಮಗಳ ಭಾರವನ್ನು ಕುರಿತು ಬರೆಯುವಾಗ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ನೆನೆಯದಿರುವುದು ಹೇಗೆ? 1868ರಲ್ಲಿ ತೀರಿಕೊಂಡ ಈ ಅರಸರಿಗೆ ಆಟಗಳೆಂದರೆ ಅಪಾರ ಮೋಹ. ಪರ್ಷಿಯಾದ ಕಡೆಯಿಂದ ಬಂದ ಗಂಜೀಫಾ ಆಟದಲ್ಲಿ ಮೊಘಲರ ಕಟ್ಟಿಗೆ 8 ಬಣ್ಣಗಳು, 96 ಎಲೆಗಳು. ದಶಾವತಾರದ ಕಟ್ಟಿಗೆ 10 ಬಣ್ಣಗಳು, 120 ಎಲೆಗಳು. ಮುಮ್ಮಡಿಯವರು ಅಷ್ಟಕ್ಕೆ ನಿಲ್ಲದೆ, ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯೆಂಬ ಭಾಗದಲ್ಲಿ ತಾವೇ ರೂಪಿಸಿದ ಆಟಗಳನ್ನು ವಿವರಿಸಿದ್ದಾರೆ. ಅವುಗಳಲ್ಲಿ ದೊಡ್ಡ ಕಟ್ಟಿಗೆ 360 ಎಲೆಗಳು! ಚಿತ್ರಗಾರಿಕೆಯಾಗಿ ಮೈಸೂರು ಗಂಜೀಫಾ ಲೋಕಪ್ರಸಿದ್ಧವಾಯಿತು, ಆಟವಾಗಿ ಅರಮನೆಯ ಗೋಡೆಗಳನ್ನು ದಾಟಲಿಲ್ಲ. ಅದಕ್ಕೆ ಬೇರೆ ಕಾರಣಗಳೂ ಇದ್ದಿರಬಹುದಾದರೂ, ಸುಲಭವಾದ ಮೊದಲ ಮೆಟ್ಟಿಲಿಲ್ಲದಿದ್ದುದು ಮುಖ್ಯ ಕಾರಣವೆಂದೇ ನನ್ನ ಊಹೆ. ವಿಡಿಯೊ ಗೇಮ್‌ನೊಳಗಿನ ಎಲೆಯಾಟ ಈ ಮೆಟ್ಟಿಲನ್ನು ಕಟ್ಟಿಕೊಡುತ್ತದೆ. ಮೊದಲ ಊರಿನ ಎದುರಾಳಿಯ ಕಟ್ಟು ಬಡಕಲು, ಮುಂದಿನ ಊರುಗಳವು ಬಲಿಷ್ಠ. ಗೆದ್ದಾಗ ಸಿಗುವ ಹೊಸ ಎಲೆ ಒಂದೊಂದೇ ಆಗಿರುವುದರಿಂದ, ಒಂದರ ಗುಣ ಒಗ್ಗಿದ ಮೇಲೆಯೇ ಇನ್ನೊಂದು ಕೈಸೇರುತ್ತದೆ. ಕೂಡಿಸುವ ಲೆಕ್ಕವನ್ನು ಯಂತ್ರವೇ ಮಾಡಿ ತೋರಿಸುವುದೂ ಸಣ್ಣ ಉಪಕಾರವಲ್ಲ.

ಮೂರನೆಯ ವಾರದ ಹೊತ್ತಿಗೆ ನನ್ನೊಳಗೆ ಏನೋ ಬದಲಾದದ್ದು ಸ್ಪಷ್ಟವಾಯಿತು. ಕೈಯಲ್ಲಿ ಹತ್ತು ಎಲೆ ಕಾಣುವುದು ನಿಂತು, “ಒಂದು ಜೋಡಿ, ಇಬ್ಬರು ಗೂಢಚಾರರು, ಉಳಿದದ್ದು ಹೊಟ್ಟು” ಎಂದು ಕಾಣತೊಡಗಿತು. ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ 1973ರಲ್ಲಿ ಪ್ರಕಟಿಸಿದ ಚದುರಂಗದ ಪ್ರಯೋಗ ಇದನ್ನೇ ಹಿಡಿದು ತೋರಿಸಿತ್ತು. ನಿಜವಾದ ಆಟವೊಂದರ ನಡುವಿನ ಮಣೆಯನ್ನು ಐದು ಸೆಕೆಂಡು ತೋರಿಸಿ ಮುಚ್ಚಿದಾಗ ನಿಪುಣ ಆಟಗಾರ ಸುಮಾರು 16 ಕಾಯಿಗಳ ಸ್ಥಾನವನ್ನು ಸರಿಯಾಗಿ ಹೇಳಿದ. ಹೊಸಬ ಹೇಳಿದ್ದು ಸುಮಾರು ನಾಲ್ಕನ್ನು. ಅದೇ ಕಾಯಿಗಳನ್ನು ಮನಬಂದಂತೆ ಚೆಲ್ಲಾಡಿ ಇಟ್ಟು ತೋರಿಸಿದಾಗ ನಿಪುಣನ ಮೇಲುಗೈ ಬಹುಪಾಲು ಅಳಿಸಿಹೋಯಿತು. ಅವನ ನೆನಪಿನ ಮಣೆ ನಮ್ಮದಕ್ಕಿಂತ ದೊಡ್ಡದಲ್ಲ. ಅದರ ಮೇಲೆ ಅವನು ಬಿಡಿ ಕಾಯಿಗಳನ್ನಿಡುವ ಬದಲು ಗೊಂಚಲುಗಳನ್ನು ಇಡುತ್ತಾನೆ, ಆ ಗೊಂಚಲುಗಳು ವರ್ಷಗಳ ಆಟದಿಂದ ದೀರ್ಘಸ್ಮೃತಿಯಲ್ಲಿ ಹೆಪ್ಪುಗಟ್ಟಿದವು.

ಗ್ವೆಂಟ್‌ನಲ್ಲಿ ಗೊಂಚಲನ್ನು ಕಾಣದವನಿಗೆ ಲೆಕ್ಕವೇ ತಪ್ಪುತ್ತದೆ. ಬ್ಲೂ ಸ್ಟ್ರೈಪ್ಸ್ ಕಮಾಂಡೊ ಎಂಬ ಎಲೆಯ ಬಲ 4. ಅದೇ ಹೆಸರಿನ ಇನ್ನೊಂದು ಪಕ್ಕಕ್ಕೆ ಬಂದರೆ ಎರಡರ ಬಲವೂ ಇಮ್ಮಡಿಯಾಗಿ ಮೊತ್ತ 16 ಆಗುತ್ತದೆ. ಮೂರನೆಯದು ಸೇರಿದರೆ ಮೂರೂ ಮುಮ್ಮಡಿಯಾಗಿ 36. ಹೊಸಬನ ಕಣ್ಣಿಗೆ ಅದು ನಾಲ್ಕು ಬಲದ ಬಡ ಎಲೆ. ಪಳಗಿದವನಿಗೆ ಅದು ಮೂರನೆಯ ಒಂದು ಭಾಗ ಮಾತ್ರ ಬಿಡಿಸಿಟ್ಟ ಒಗಟು.

ಈ ಮೂರು ಎಲೆಗಳ ಲೆಕ್ಕ ನನ್ನ ಇನ್ನೊಂದು ಮೂಢನಂಬಿಕೆಯನ್ನೂ ಕಳೆಯಿತು. ಎಲೆಗಳು ಸಿಕ್ಕಂತೆಲ್ಲ ನಾನು ಅವನ್ನು ಕಟ್ಟಿಗೆ ತುರುಕಿ ಅದನ್ನು 40ಕ್ಕೆ ಬೆಳೆಸಿದ್ದೆ. ದೊಡ್ಡ ಸೈನ್ಯಕ್ಕೆ ದೊಡ್ಡ ಬಲವೆಂಬ ಭ್ರಮೆ. ಅಳಿಯ ಕಾಗದದ ಮೇಲೆ ಬರೆದು ತೋರಿಸಿದ. ಬದಲಾವಣೆಯ ಅವಕಾಶವನ್ನು ಸದ್ಯಕ್ಕೆ ಬದಿಗಿಟ್ಟರೆ, 22 ಎಲೆಗಳ ಕಟ್ಟಿನಿಂದ 10 ಎಲೆಗಳನ್ನು ಎತ್ತುವ ಬಗೆಗಳು 6,46,646. ಅವುಗಳಲ್ಲಿ ಮೂರು ಕಮಾಂಡೊಗಳ ಪೈಕಿ ಕನಿಷ್ಠ ಎರಡಾದರೂ ಇರುವ ಸಂಭವ ಸರಿಯಾಗಿ ಏಳರಲ್ಲಿ ಮೂರು, ಅಂದರೆ ಶೇಕಡ 43ರಷ್ಟು. ಕಟ್ಟು 40ಕ್ಕೆ ಉಬ್ಬಿದರೆ ಅದು ಶೇಕಡ 15ಕ್ಕೆ ಕುಸಿಯುತ್ತದೆ. ಮೂವರು ಗೂಢಚಾರರಲ್ಲಿ ಒಬ್ಬನಾದರೂ ಕೈಗೆ ಬರುವ ಸಂಭವ ಸಣ್ಣ ಕಟ್ಟಿನಲ್ಲಿ ಏಳರಲ್ಲಿ ಆರು. ದೊಡ್ಡದರಲ್ಲಿ ಶೇಕಡ 59. ಹೆಚ್ಚುವರಿಯಾಗಿ ಸೇರಿಸಿದ ಪ್ರತಿಯೊಂದು ಎಲೆಯೂ ಒಳ್ಳೆಯ ಎಲೆಗಳ ದಾರಿಗೆ ಅಡ್ಡ ನಿಲ್ಲುತ್ತದೆ. ಬಿರಿಯಾನಿಗೆ ನೀರು ಹೆಚ್ಚಾದಂತೆ ಎಂದು ಅವನು ಹೋಲಿಸಿದ. ಹೋಲಿಕೆ ಅಷ್ಟು ಸರಿಯಲ್ಲವೆನಿಸಿದರೂ ನಾನು ಸುಮ್ಮನಾದೆ.

ಆದರೆ ಇಂಥ ಸಂಭವಗಳ ಆಟದಲ್ಲಿ ಕಲಿಯುವವನಿಗೆ ಒಂದು ಬಲೆಯಿದೆ. ವುಲ್ಫ್‌ರಾಮ್ ಶುಲ್ಟ್ಸ್ ಮತ್ತು ಸಂಗಡಿಗರು ಕೋತಿಗಳ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ಸ್ರವಿಸುವ ನರಕೋಶಗಳನ್ನು ಗಮನಿಸಿ 1990ರ ದಶಕದಲ್ಲಿ ಕಂಡುಕೊಂಡದ್ದೇನೆಂದರೆ, ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ಕಾಗ ಆ ಕೋಶಗಳು ಚುರುಕಾಗುತ್ತವೆ; ರಸಕ್ಕೆ ಮುನ್ನ ಒಂದು ಸೂಚನೆ ತಪ್ಪದೆ ಬರುವುದೆಂದು ಕೋತಿ ಕಲಿತ ಮೇಲೆ ಸೂಚನೆಗೇ ಚುರುಕಾಗಿ, ರಸಕ್ಕೆ ಸುಮ್ಮನಿರುತ್ತವೆ; ಸೂಚನೆ ಬಂದೂ ರಸ ಬಾರದಿದ್ದರೆ ಇದ್ದ ಮಿಡಿತವೂ ಕುಗ್ಗುತ್ತದೆ. ಮಿದುಳು ಅಳೆಯುತ್ತಿರುವುದು ಸಿಕ್ಕ ಫಲಕ್ಕೂ ನಿರೀಕ್ಷಿಸಿದ ಫಲಕ್ಕೂ ಇರುವ ಅಂತರವನ್ನು. ಎಲೆಯಾಟದಲ್ಲಿ ಆ ಅಂತರ ಹುಟ್ಟುವುದು ಆಟಗಾರನ ಜಾಣ್ಮೆಯಿಂದಲೋ ಎಲೆ ಬಿದ್ದ ಅದೃಷ್ಟದಿಂದಲೋ ಎಂಬುದನ್ನು ಈ ಮಾಪನ ಬೇರ್ಪಡಿಸಿ ಹೇಳುವುದಿಲ್ಲ. ಮೊದಲ ಸುತ್ತಿನಲ್ಲೇ ಒಳ್ಳೆಯ ಎಲೆಗಳನ್ನೆಲ್ಲ ಸುರಿದು ನಾನೊಮ್ಮೆ ಭರ್ಜರಿಯಾಗಿ ಗೆದ್ದೆ. ಎದುರಾಳಿಯ ಕೈಗೆ ಏನೂ ಬಂದಿರಲಿಲ್ಲ, ಅಷ್ಟೇ. ಆ ಒಂದು ಗೆಲುವು ಕಲಿಸಿದ ತಪ್ಪನ್ನು ಮರೆಯಲು ಮುಂದೆ ನಾಲ್ಕೈದು ದಿನದ ಸೋಲು ಬೇಕಾಯಿತು. ಹೀಗಾಗಿ ಆಟ ಮುಗಿದ ಮೇಲೆ ಫಲಿತಾಂಶವನ್ನು ಮರೆತು, ಆಗ ಗೊತ್ತಿದ್ದಷ್ಟರಲ್ಲಿ ಆ ನಡೆ ಸರಿಯಿತ್ತೇ ಎಂದು ಕೇಳಿಕೊಳ್ಳುವ ಅಭ್ಯಾಸವನ್ನು ನಾನು ಬೇಕೆಂದೇ ಬೆಳೆಸಿಕೊಳ್ಳಬೇಕಾಯಿತು.

ಕಟ್ಟಕಡೆಗೆ ಮಣಿದದ್ದು ‘ಪಾಸ್’ ಎನ್ನುವ ನಡೆ. ಸಾಕೆಂದು ಒಮ್ಮೆ ಪಾಸ್ ಹೇಳಿದರೆ ಆ ಸುತ್ತಿನಲ್ಲಿ ಮತ್ತೆ ಎಲೆ ಹಾಕುವಂತಿಲ್ಲ, ಎದುರಾಳಿ ಮುಂದುವರಿಯಬಹುದು. ಸುತ್ತನ್ನು ತಿಳಿದು ತಿಳಿದೇ ಬಿಟ್ಟುಕೊಟ್ಟು, ಅವನ ಎಲೆಗಳು ಖರ್ಚಾಗಿರುವಾಗ ಉಳಿದೆರಡು ಸುತ್ತುಗಳಲ್ಲಿ ಹಿಡಿಯುವುದೇ ಈ ಆಟದ ತಿರುಳು. ಇದು ಬಾಯಲ್ಲಿ ಹೇಳುವಷ್ಟು ಸುಲಭವಲ್ಲ. ಐದು ಎಲೆ ಹಾಕಿ ಮೂರು ಅಂಕಗಳಿಂದ ಹಿಂದಿರುವಾಗ ಆರನೆಯದನ್ನು ಹಾಕದಿರಲು ಕೈ ಒಪ್ಪುವುದಿಲ್ಲ. ಹಾಲ್ ಆರ್ಕ್ಸ್ ಮತ್ತು ಕ್ಯಾಥರಿನ್ ಬ್ಲೂಮರ್ 1985ರಲ್ಲಿ ಪ್ರಯೋಗಗಳ ಮೂಲಕ ವಿವರಿಸಿದ ಮುಳುಗಿದ ವೆಚ್ಚದ ಮೋಹ ಇದೇ: ವಾಪಸು ಬಾರದ ಖರ್ಚು ಮುಂದಿನ ನಿರ್ಧಾರಕ್ಕೆ ಸಂಬಂಧವಿಲ್ಲದಿದ್ದರೂ, ಖರ್ಚು ಮಾಡಿದ್ದೇವೆಂಬ ಕಾರಣಕ್ಕೇ ಮನುಷ್ಯ ಮುಂದುವರಿಯುತ್ತಾನೆ. ನೀರು ಬಾರದ ಕೊಳವೆಬಾವಿಗೆ ಇನ್ನೂ ನೂರಡಿ ಕೊರೆಸುವ ನಮ್ಮ ಮಂಡ್ಯದ ರೈತನಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಗ್ವೆಂಟ್‌ನಲ್ಲಿ ಈ ಮೋಹದ ಬೆಲೆ ಐದು ನಿಮಿಷದೊಳಗೆ ಕಣ್ಣೆದುರಿಗೇ ಬರುವುದರಿಂದ, ಪಾಸ್ ಹೇಳುವ ಕೈ ನಿಧಾನವಾಗಿ ಪಳಗುತ್ತದೆ.

ಹಾಗೆ ಪಳಗಿದ ಕೈ ಬೇರೆ ಆಟಕ್ಕೂ ಒದಗುತ್ತದೆಯೇ? 1999ರ ‘ಫೈನಲ್ ಫ್ಯಾಂಟಸಿ 8’ ಎಂಬ ವಿಡಿಯೊ ಗೇಮ್‌ನೊಳಗೆ ಟ್ರಿಪಲ್ ಟ್ರಯಡ್ ಎಂಬ ಎಲೆಯಾಟವಿದೆ. ಒಂಬತ್ತು ಮನೆಗಳ ಚೌಕ, ಇಬ್ಬರಿಗೂ ಐದೈದು ಎಲೆ, ಪ್ರತಿ ಎಲೆಯ ನಾಲ್ಕು ಬದಿಗೂ ಒಂದೊಂದು ಅಂಕಿ. ಹೊಸದಾಗಿ ಇಟ್ಟ ಎಲೆಯ ಅಂಕಿ ತಾಗಿದ ಬದಿಯಲ್ಲಿ ದೊಡ್ಡದಾಗಿದ್ದರೆ, ಇಟ್ಟವನು ಮತ್ತೊಬ್ಬನ ಎಲೆಯನ್ನು ತನ್ನದಾಗಿಸಿಕೊಳ್ಳುತ್ತಾನೆ. ಊರಿನಿಂದ ಊರಿಗೆ ನಿಯಮ ಬದಲಾಗುವುದು ಅದರ ವಿಶೇಷ. ಗ್ವೆಂಟ್‌ನಲ್ಲಿ ಗಳಿಸಿದ ಗೊಂಚಲುಗಳು ಅಲ್ಲಿ ನನಗೆ ಕವಡೆಯಷ್ಟೂ ಉಪಯೋಗಕ್ಕೆ ಬರಲಿಲ್ಲ. ಮತ್ತೆ ಹೊಸಬನಂತೆಯೇ ಸೋತೆ. ಚದುರಂಗ ಬಲ್ಲವನಿಗೆ ಎಲ್ಲ ವಿಷಯದಲ್ಲೂ ಜ್ಞಾಪಕಶಕ್ತಿ ಹೆಚ್ಚುತ್ತದೆಂಬ ಜನಪ್ರಿಯ ನಂಬಿಕೆಯಂತೆ, ಒಂದು ಆಟದಿಂದ ಬುದ್ಧಿಯೇ ಹರಿತವಾಗುತ್ತದೆಂಬ ಜಾಹೀರಾತುಗಳನ್ನೂ ಅನುಮಾನದಿಂದ ನೋಡುವುದೇ ಸರಿ. ಕಲಿತದ್ದು ದಾಟುವುದು ಎರಡು ಆಟಗಳ ಒಳಗಿನ ಎಲುಬುಗೂಡು ಒಂದೇ ಆಗಿರುವಲ್ಲಿ ಮಾತ್ರ.

ಸಂಕ್ರಾಂತಿಗೆ ಊರಿಗೆ ಹೋದಾಗ ಲ್ಯಾಪ್‌ಟಾಪನ್ನೂ ಒಯ್ದಿದ್ದೆವು. ಜಗಲಿಯಲ್ಲಿ ಕುಳಿತು ಆಡುತ್ತಿದ್ದ ನನ್ನ ಪಕ್ಕಕ್ಕೆ ಅಪ್ಪ ಬಂದು ಕುಳಿತರು. ರಾಕ್ಷಸ, ಹಿಮ, ಗೂಢಚಾರ ಯಾವುದೂ ಅವರಿಗೆ ತಿಳಿಯದು. ಆದರೆ ಇಪ್ಪತ್ತೆಂಟರಲ್ಲಿ 32 ಎಲೆ, ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ಯಾವುದು ಬಿತ್ತು, ಯಾವುದು ಯಾರ ಕೈಯಲ್ಲಿ ಉಳಿಯಿತೆಂದು ಐವತ್ತು ವರ್ಷ ಎಣಿಸಿದವರು. ಪರದೆಯನ್ನು ಸ್ವಲ್ಪ ಹೊತ್ತು ದಿಟ್ಟಿಸಿದರು. ನಾನು ಮೊದಲ ಸುತ್ತಿನಲ್ಲಿ ಎಂಟು ಅಂಕಗಳಿಂದ ಹಿಂದಿದ್ದೆ, ಗೆಲ್ಲಬಲ್ಲ ಎಲೆಯೊಂದನ್ನು ಆಗಲೇ ಆರಿಸಿಕೊಂಡಿದ್ದೆ.

“ಅವನ ಕೈಲಿ ಇನ್ನೆಷ್ಟೆಲೆ ಅವೆ ಮಗಾ?” ಎಂದರು.

“ನಾಲ್ಕು.”

“ನಿನ್ನ ಕೈಲಿ?”

“ಏಳು, ಅಪ್ಪ.”

“ಹಂಗಾರೆ ಈ ಆಟವ ಬುಟ್ಬುಡು” ಎಂದು ಹೇಳಿ, ಎಳ್ಳುಬೆಲ್ಲದ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.