ಸಾಲಿನಲ್ಲಿದ್ದ ಅವರೆ ಸಾರಿನಲ್ಲೂ ಇತ್ತು

ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹತ್ತಿರ ಒಂದು ಮನೆ. ಜಗಲಿ ತುಂಬ ಟೊಮೆಟೊ ಕ್ರೇಟುಗಳು. ಒಳಗೆ ಒಲೆಯ ಮೇಲೆ ತಿಳಿಸಾರು, ಅದರಲ್ಲೂ ಟೊಮೆಟೊನೇ. ಬೇಳೆ ಎಣಿಸಿ ಹಾಕಿದಂತಿತ್ತು. ಸೊಸೆಗೆ ರಕ್ತ ಕಡಿಮೆ. ನಾನು ಅಭ್ಯಾಸಬಲದಿಂದ "ಸೊಪ್ಪು ಜಾಸ್ತಿ ತಿನ್ನಮ್ಮ" ಅಂದೆ. ಮೂಲೆಯಲ್ಲಿ ಕೂತಿದ್ದ ಅಜ್ಜಿ ನಕ್ಕರು: "ಕಳೆಗೆ ಔಷಧಿ ಹೊಡೆದ ಮೇಲೆ ಸೊಪ್ಪು ಎಲ್ಲಿಂದ ಬರ್ತದೆ ಮೇಡಂ?"

ಅವರು ಹೇಳಿದ್ದು ಬೆರಕೆ ಸೊಪ್ಪಿನ ಮಾತು. ಅಣ್ಣೆ, ಹೊನಗೊನ್ನೆ, ಗೋಣಿ ಸೊಪ್ಪು. ಯಾರೂ ಬಿತ್ತಿದ್ದಲ್ಲ. ಕಳೆ ಕೀಳುವಾಗ ಹೆಂಗಸರ ಮಡಿಲು ಸೇರುತ್ತಿದ್ದವು. ನಾವು ಕಾಲೇಜಿನಲ್ಲಿ ಅವನ್ನು ಕಳೆ ಅಂತಲೇ ಓದಿದ್ದೆವು. ಕೋಲಾರದ ಅಡುಗೆಮನೆಯಲ್ಲಿ ಅದು ಮಸ್ಸೊಪ್ಪು, ಬೇಯಿಸಿ ಮಸೆದ ಸೊಪ್ಪಿನ ಸಾರು.

ರಾಗಿ ಹೊಲದ ಅಕ್ಕಡಿ ಸಾಲೂ ಹಾಗೇ ಕಳೆದುಹೋಯಿತು. ಅಕ್ಕಡಿ ಅಂದರೆ ರಾಗಿ ನಡುವೆ ತೊಗರಿ, ಅವರೆ, ಅಲಸಂದೆ, ಅಂಚಿಗೆ ಸಾಸಿವೆ, ಹುಚ್ಚೆಳ್ಳು. ರಾಗಿ ಕೊಯ್ದ ಮೇಲೂ ಅವರೆ, ತೊಗರಿ ಹೊಲದಲ್ಲೇ ಇರುತ್ತಿದ್ದವು. ಮಳೆ ಕೈಕೊಟ್ಟರೂ ಏನಾದರೊಂದು ಮನೆಗೆ ಬರುತ್ತಿತ್ತು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಅಕ್ಕಿಯಲ್ಲಿ ಹತ್ತರ ಆಸುಪಾಸು. ಆದರೆ ರಾಗಿಯ ಪ್ರೋಟೀನಿನಲ್ಲಿ ಮೈಗೆ ಬೇಕೇಬೇಕಾದ ಲೈಸಿನ್ ಎಂಬ ಅಂಶ ಕಡಿಮೆ. ಅದು ಕಾಳಿನಲ್ಲಿ ಧಾರಾಳ. ಮುದ್ದೆಗೆ ಕಾಳಿನ ಸಾರು ಸುಮ್ನೆ ಜೋಡಿಯಾಗಿಲ್ಲ, ಅಲ್ವಾ? ಬಸ್ಸಾರನ್ನೇ ನೋಡಿ. ಸೊಪ್ಪು, ಕಾಳು ಬೇಯಿಸಿ ಬಸಿದ ನೀರು ಸಾರಿಗೇ ಹೋಗುತ್ತದೆ. ನೀರಿಗೆ ಇಳಿದ ಸತ್ವ ಬಚ್ಚಲು ಸೇರುವುದಿಲ್ಲ.

ಒಂದು ಮಾತು ಮಾತ್ರ ಹೇಳಲೇಬೇಕು. ಸೊಪ್ಪಿನ ಕಬ್ಬಿಣ ಮೈಗೆ ಸುಲಭವಾಗಿ ಹತ್ತುವುದಿಲ್ಲ. ಮೇಲೆ ನಿಂಬೆ ಹಿಂಡಿ, ಊಟದ ಹಿಂದೆಯೇ ಟೀ ಕುಡಿಯಬೇಡಿ. ರಕ್ತ ತೀರಾ ಕಡಿಮೆ ಇದ್ದರೆ ಸೊಪ್ಪನ್ನೇ ನಂಬಿ ಮಾತ್ರೆ ಬಿಡಬೇಡಿ.

ರಾಗಿ ಹಾಕುವವರಿಗೆ ನಾನು ಹೇಳುವುದು 8 ಸಾಲಿಗೆ 2 ಸಾಲು ತೊಗರಿ. ಟೊಮೆಟೊದವರದು ಬೇರೆ ಕಥೆ. ಮೇಲಿಂದ ಮೇಲೆ ಔಷಧಿ ಬೀಳುವ ತೋಟದಲ್ಲಿ ಸೊಪ್ಪು ಕೀಳಲೇಬಾರದು. ಮನೆ ಹತ್ತಿರ, ಬಚ್ಚಲ ನೀರು ಹರಿಯುವ ಕಡೆ ಎರಡು ಗುಂಟೆ ಬಿಡಿ. ಒಂದು ನುಗ್ಗೆ, ಒಂದು ಪರಂಗಿ, ಬೇಲಿಗೆ ಚಪ್ಪರದವರೆ, ಉಳಿದಲ್ಲಿ ದಂಟು.

ಆ ಮನೆಯ ಯಜಮಾನರು ಕೇಳಿದರು: "ಎರಡು ಗುಂಟೆಗೆ ಎಷ್ಟು ಕ್ರೇಟು ಹೋಗ್ತದೆ ಗೊತ್ತಾ ಮೇಡಂ?" ನ್ಯಾಯವಾದ ಪ್ರಶ್ನೆಯೇ. ರೇಟು ಬಿದ್ದ ವರ್ಷ ಅದೇ ಕ್ರೇಟುಗಳನ್ನು ರಸ್ತೆಗೆ ಸುರಿದದ್ದನ್ನು ಸೊಸೆ ನೆನಪಿಸಿದಳು. ಸದ್ಯಕ್ಕೆ ಅರ್ಧ ಗುಂಟೆಗೆ ಒಪ್ಪಿದ್ದಾರೆ.