ಎಕ್ಸ್-ರೇ ಸರಿಯಿದ್ದರೂ ಎದೆಗೆ ಸಿಟಿ ಸ್ಕ್ಯಾನ್ ಯಾಕೆ?

ಪ್ರಶ್ನೆ: ನಮ್ಮಣ್ಣ ಕೊನೆ ತೆಗೆಯುವಾಗ ಅಡಿಕೆ ಮರದಿಂದ ಬಿದ್ದ. ತೀರ್ಥಹಳ್ಳಿಯಲ್ಲಿ ಎದೆಯ ಎಕ್ಸ್-ರೇ ತೆಗೆದು ಪಕ್ಕೆಲುಬು ಮುರಿದಿಲ್ಲ ಎಂದರು. ಆದರೂ ಸಿಟಿ ಸ್ಕ್ಯಾನ್ ಆಗಲೇಬೇಕು ಅಂತ ಶಿವಮೊಗ್ಗಕ್ಕೆ ಕಳಿಸಿದರು. ಅಣ್ಣ ಚೆನ್ನಾಗಿಯೇ ಮಾತಾಡುತ್ತಿದ್ದ. ಇದು ಬೇಕಿತ್ತಾ?

ಬೇಕಿತ್ತು. ಕಳಿಸಿದ ವೈದ್ಯರು ಸರಿಯಾದದ್ದನ್ನೇ ಮಾಡಿದ್ದಾರೆ. ಅವರಿಗಿದ್ದ ಭಯ ಮೂಳೆಯದ್ದಲ್ಲ, ಮಹಾಪಧಮನಿಯದ್ದು. ಹೃದಯದಿಂದ ಹೊರಡುವ ಈ ದೊಡ್ಡ ರಕ್ತನಾಳದ ಗೋಡೆ ಹರಿದಿದೆಯೋ ಇಲ್ಲವೋ ಎಂಬುದು ಎಕ್ಸ್-ರೇಯಲ್ಲಿ ನೇರವಾಗಿ ಕಾಣುವುದಿಲ್ಲ.

ಎತ್ತರದಿಂದ ಬಿದ್ದಾಗ, ಅಥವಾ ಆಗುಂಬೆ ಘಾಟಿಯ ತಿರುವಿನಲ್ಲಿ ವಾಹನಗಳು ಗುದ್ದಿಕೊಂಡಾಗ ಮೈ ಒಮ್ಮೆಲೇ ನಿಲ್ಲುತ್ತದೆ. ಮಹಾಪಧಮನಿಯ ಬಾಗಿದ ಮೇಲ್ಭಾಗ ಜಗ್ಗುತ್ತದೆ, ಬೆನ್ನುಮೂಳೆಗೆ ಒತ್ತಿಕೊಂಡ ಕೆಳಭಾಗ ಕದಲುವುದಿಲ್ಲ. ಇವೆರಡೂ ಸೇರುವಲ್ಲಿ, ಎಡಗೈಯ ರಕ್ತನಾಳ ಕವಲೊಡೆದು ಸ್ವಲ್ಪ ಮುಂದಕ್ಕೆ, ಗೋಡೆ ಹರಿಯುವುದು ಹೆಚ್ಚು. ಪೂರ್ತಿ ಹರಿದವರಲ್ಲಿ ಹೆಚ್ಚಿನವರು ಆಸ್ಪತ್ರೆ ತಲುಪುವುದೇ ಇಲ್ಲ. ಬದುಕಿ ಬಂದವರಲ್ಲಿ ಎಷ್ಟೋ ಸಲ ಒಳಪದರ ಹರಿದು, ಹೊರಪದರವೊಂದೇ ರಕ್ತವನ್ನು ತಡೆದುಕೊಂಡಿರುತ್ತದೆ, ಟೈರು ಸೀಳಿದಲ್ಲಿ ಟ್ಯೂಬ್ ಉಬ್ಬಿಕೊಂಡ ಹಾಗೆ. ಆಗಲೂ ಮನುಷ್ಯ ಮಾತಾಡುತ್ತಾನೆ, ನೀರು ಕೇಳುತ್ತಾನೆ. ಎದೆಯ ಮೇಲೆ ತರಚಿದ ಗುರುತೂ ಇಲ್ಲದಿರಬಹುದು.

ಹಾಗಂತ ಎಕ್ಸ್-ರೇ ದಂಡವಲ್ಲ. ಎರಡೂ ಶ್ವಾಸಕೋಶಗಳ ನಡುವಿನ ಬಿಳಿ ನೆರಳು 8 ಸೆಂ.ಮೀ.ಗಿಂತ ಅಗಲವಿದ್ದರೆ, ಮಹಾಪಧಮನಿಯ ಅಂಚು ಮಸುಕಾಗಿದ್ದರೆ, ಶ್ವಾಸನಾಳ ಬಲಕ್ಕೆ ಸರಿದಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ತೊಡಕು ಏನೆಂದರೆ, ಪೆಟ್ಟಾದವರಿಗೆ ಸಾಮಾನ್ಯವಾಗಿ ಮಲಗಿಸಿಯೇ ಎಕ್ಸ್-ರೇ ತೆಗೆಯುವುದು. ಮಲಗಿಸಿದಾಗ ಏನೂ ಆಗದವರ ನೆರಳೂ ಅಗಲವಾಗಿ ಕಾಣುತ್ತದೆ. ಇತ್ತ ನಾಳ ನಿಜವಾಗಿ ಹರಿದ ಕೆಲವರ ಎಕ್ಸ್-ರೇ ಸರಿಯಾಗಿಯೇ ಇರುತ್ತದೆ. ಅದಕ್ಕೇ ಪೆಟ್ಟು ಜೋರಿದ್ದರೆ ಎಕ್ಸ್-ರೇಯೊಂದನ್ನೇ ನಂಬಿ ಮನೆಗೆ ಕಳಿಸಬಾರದು.

ರಕ್ತನಾಳ ನೋಡಲು ಮಾಡುವ ಸಿಟಿ ಸ್ಕ್ಯಾನಿಗೆ ಸಿಟಿ ಆಂಜಿಯೋ ಎನ್ನುತ್ತಾರೆ. ಅದರಲ್ಲಿ ಕೈಯ ನರದ ಮೂಲಕ ಅಯೋಡಿನ್ ಇರುವ ಔಷಧಿ ಕೊಡುತ್ತಾರೆ. ಮೈಯೆಲ್ಲ ಬಿಸಿಯಾದಂತೆ, ಮೂತ್ರ ಹೋದಂತೆ ಅನಿಸುತ್ತದೆ. ಗಾಬರಿ ಬೇಡ, ಬೇಗ ಇಳಿಯುತ್ತದೆ. ಔಷಧಿ ಮಹಾಪಧಮನಿಯನ್ನು ತುಂಬುವ ಹೊತ್ತಿಗೇ ಚಿತ್ರ ತೆಗೆಯುವುದರಿಂದ ಹರಿದ ಪದರ, ಉಬ್ಬು ಎರಡೂ ಕಾಣುತ್ತವೆ. ಕಿಡ್ನಿ ತೊಂದರೆಯೋ, ಹಿಂದೆ ಇಂಥ ಔಷಧಿಗೆ ಅಲರ್ಜಿಯೋ ಆಗಿದ್ದರೆ ಮೊದಲೇ ಹೇಳಿ.

ಗಾಯ ಸಿಕ್ಕರೆ ಮೊದಲ ಕೆಲಸ ಬಿ.ಪಿ. ಏರದಂತೆ ಹಿಡಿದಿಡುವುದು. ಸಣ್ಣ ಗಾಯಕ್ಕೆ ಔಷಧಿ ಮತ್ತು ಮರುಸ್ಕ್ಯಾನ್ ಸಾಕಾಗಬಹುದು. ದೊಡ್ಡದಿದ್ದರೆ ಈಗ ಹೆಚ್ಚಾಗಿ ಎದೆ ತೆರೆಯದೆ, ತೊಡೆಸಂದಿಯ ರಕ್ತನಾಳದಿಂದ ಸ್ಟೆಂಟ್ ಕೂರಿಸುತ್ತಾರೆ.

ಇಂಥವರನ್ನು ಜೀಪಿನಲ್ಲಿ ಕೂರಿಸಿ ಕರೆದೊಯ್ಯಬೇಡಿ, 108ಕ್ಕೆ ಫೋನ್ ಮಾಡಿ. ಎಷ್ಟು ಎತ್ತರದಿಂದ, ಎಂಥ ನೆಲದ ಮೇಲೆ ಬಿದ್ದರು ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಿ.